ಖಾಲಿಯಾಗದ ತಾಳುಗಡಿಗೆ

ಹುಬ್ಬಳ್ಳಿ, ಹನ್ನೊಂದನೆಯ ಪಾಳಿ ಓಣಿ
ಎರಡು ಸಾವಿರದ ನೂರ ತೊಂಬತ್ತೆಂಟನೆಯ ಇಸವಿ, ಫೆಬ್ರವರಿ ಮೂವತ್ತು

ಪ್ರೀತಿಯ ಪ್ರಮೀಳಜ್ಜಿಗೆ,

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಫೆಬ್ರವರಿಗೆ ದಿನ ಕಡಿಮೆ, ಕೆಲಸಕ್ಕೆ ದಿನ ಸಾಲುತ್ತಿಲ್ಲ ಎಂದು ಪಾಳಿಮನೆಯವರು ಅದಕ್ಕೆ ಎರಡು ದಿನ ಹಚ್ಚಿ ಇಪ್ಪತ್ತು ವರ್ಷವಾಯಿತು. ಪಾಳಿಮನೆ ಎಂದರೆ ನಾವು ಎಷ್ಟು ಹೊತ್ತಿಗೆ ಏಳಬೇಕು, ದುಡಿಯಬೇಕು, ಉಣ್ಣಬೇಕು ಎಂದು ಗೊತ್ತುಮಾಡುವ ಕಚೇರಿ. ನನ್ನ ಮಾತಿನಲ್ಲಿ ಇಂಥ ಇನ್ನೂ ಕೆಲವು ಶಬ್ದ ಬರುತ್ತವೆ, ಸಹಿಸಿಕೋ. ನಿನ್ನ ಕನ್ನಡವನ್ನು ನಾನು ಕಲಿತದ್ದು ನಿನ್ನ ಒಂದೇ ಒಂದು ವಹಿಯಿಂದ, ಆದ್ದರಿಂದ ಅಡುಗೆಯ ಮಾತು ಚೆನ್ನಾಗಿ ಬರುತ್ತದೆ, ಉಳಿದದ್ದು ಅಷ್ಟಕ್ಕಷ್ಟೇ.

ನಾನು ನೀಲಾಂಬಿಕೆ ಹಂಚಿನಾಳ, ನಿನ್ನ ಮಗಳ ಕಡೆಯಿಂದ ಏಳನೆಯ ತಲೆಮಾರಿನವಳು. ನನಗೆ ಐವತ್ತನಾಲ್ಕು. ಈ ವಹಿ ಬರೆಯುವಾಗ ನಿನಗೆ ಮೂವತ್ತೆಂಟು ಎಂದು ಮೊದಲ ಪುಟದಲ್ಲಿ ನೀನೇ ಹಾಕಿದ್ದೀಯ. ನನಗಿಂತ ಚಿಕ್ಕವಳನ್ನು ಅಜ್ಜಿ ಎಂದು ಕರೆಯುವ ಕರ್ಮ ನನ್ನದು. ನೀನು ಬಸ್ಸಿನ ಕಂಡಕ್ಟರ್, ಡಬಲ್ ಡ್ಯೂಟಿಯವಳು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆ ಎಷ್ಟು ಹೊತ್ತಿಗೆ ಬರುತ್ತೀಯೋ ನಿನಗೇ ಗೊತ್ತಿರುತ್ತಿರಲಿಲ್ಲ. ಕರೆಂಟಿನ ಸ್ಲೋ ಕುಕ್ಕರ್ ಒಂದನ್ನು ತಂದುಕೊಂಡು, ಬೆಳಿಗ್ಗೆ ಕಾಳು ನೀರು ಹಾಕಿ ಮುಚ್ಚಿಟ್ಟು ಹೋಗಿ, ಬಂದು ಬಿಸಿಬಿಸಿ ಉಂಡೆ. ಅದನ್ನು ಡಿಪೋದ ಗೆಳತಿಯರಿಗೂ ಕಲಿಸಲೆಂದು ಬರೆದ ವಹಿಗೆ 'ಪುರುಸೊತ್ತಿಲ್ಲದವರ ಅಡಿಗಿ' ಎಂದು ಹೆಸರಿಟ್ಟೆ. ಆ ವಹಿ ನನ್ನ ಹತ್ತಿರ ಇದೆ. ಆ ಕುಕ್ಕರೂ ಇದೆ. ನಮ್ಮ ಓಣಿಯವರು ಅದನ್ನು ತಾಳುಗಡಿಗೆ ಎನ್ನುತ್ತಾರೆ, ತಾಳಿಕೊಂಡು ಕಾಯಬೇಕಾದ ಗಡಿಗೆ ಎಂದು. ನಿನ್ನ ಒಳಪಾತ್ರೆ ನನ್ನ ಅಮ್ಮನ ಕಾಲದಲ್ಲೇ ಬಿರುಕು ಬಿಟ್ಟಿತು. ಈಗ ಅದೇ ಅಳತೆಗೆ ಮಾಡಿಸಿದ ಎರಡು ಮಣ್ಣಿನ ಒಳಗಡಿಗೆಗಳಿವೆ, ಒಂದು ತೊಳೆಯಲು ಹೋದರೆ ಇನ್ನೊಂದು ಒಳಗೆ ಕೂಡುತ್ತದೆ.

ನಾವು ಏನು ಉಣ್ಣುತ್ತೇವೆ ಎಂದು ಕೇಳುತ್ತೀಯಲ್ಲ? ಹೇಳಲು ನಾಚಿಕೆಯಾಗುತ್ತದೆ. ಪ್ರತಿ ಮನೆಯ ಗೋಡೆಯಲ್ಲಿ ಒಂದು ನಲ್ಲಿ ಇದೆ. ತಿರುವಿದರೆ ತುಂಬು ಬರುತ್ತದೆ. ತುಂಬು ಎಂದರೆ ಬೆಚ್ಚಗಿನ, ಬೂದುಬಣ್ಣದ ಗಂಜಿ. ಹಲ್ಲು ಬೇಡ, ತಟ್ಟೆ ಬೇಡ, ಮಾತು ಬೇಡ. ಲೋಟ ಹಿಡಿ, ಕುಡಿ, ಆರು ನಿಮಿಷದಲ್ಲಿ ಊಟ ಮುಗಿಯಿತು. ಅದರಲ್ಲಿ ಮೈಗೆ ಬೇಕಾದದ್ದೆಲ್ಲ ಇದೆಯಂತೆ. ಇರಬಹುದು, ನಾನು ಇಲ್ಲ ಎನ್ನುವುದಿಲ್ಲ. ಬೆಳಿಗ್ಗೆ ಎಂಟರಿಂದ ಐದರವರೆಗೆ ಒಂದು ಪಾಳಿ, ಆರರಿಂದ ಒಂಬತ್ತರವರೆಗೆ ಮರುಪಾಳಿ, ನಡುವೆ ತುಂಬು. ನಮ್ಮ ಓಣಿಯ ಕೆಲಸವೆಂದರೆ ನಿಮ್ಮ ಕಾಲದ ಹಳೆಯ ಫೋನುಗಳನ್ನು ಬಿಚ್ಚಿ ಒಳಗಿನ ತಾಮ್ರ, ಬೆಳ್ಳಿ ತೆಗೆಯುವುದು. ಎಷ್ಟು ಫೋನುಗಳನ್ನು ಬಿಸಾಕಿದ್ದೀರಿ ಪುಣ್ಯಾತ್ಮರೇ! ನೂರೈವತ್ತು ವರ್ಷದಿಂದ ಬಿಚ್ಚುತ್ತಿದ್ದೇವೆ, ಇನ್ನೂ ಮುಗಿದಿಲ್ಲ.

ಮನೆಯಲ್ಲಿ ಒಲೆ ಇಡುವಂತಿಲ್ಲ, ಉರಿ ಕಾಣುವಂತಿಲ್ಲ. ಆದರೆ ಮನೆಗೆ ನಾಲ್ಕು ದೀಪದಷ್ಟು ಕರೆಂಟು ಕೊಡುತ್ತಾರೆ, ಅದನ್ನು ಏನಕ್ಕೆ ಬಳಸಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಿನ್ನ ಗಡಿಗೆಗೆ ಮೂರು ದೀಪದಷ್ಟು ಕರೆಂಟು ಸಾಕು. ಹೀಗಾಗಿ ಕಳೆದ ವರ್ಷ ನಾನು ದೀಪ ಬಿಟ್ಟೆ, ಮೂಲೆಯಲ್ಲಿದ್ದ ಗಡಿಗೆ ಇಟ್ಟೆ. ಒಂದು ಗಡಿಗೆಯಲ್ಲಿ ಹನ್ನೊಂದು ಮನೆ ಉಣ್ಣುತ್ತದೆ, ಪಾಲಿಗೆ ಎರಡು ಸೌಟು ಬರುತ್ತದೆ. ತೊಗರಿ, ಹುರುಳಿ, ಮಡಿಕೆಕಾಳು, ಜೋಳ, ಗೋಧಿ ಎಲ್ಲವನ್ನೂ ಮನೆಗಳ ಮೇಲೆ ತಗಡಿನ ಡಬ್ಬಿಗಳಲ್ಲಿ ಬೆಳೆಯುತ್ತೇವೆ. ಹುಣಸೆಗೆ ಹಳೆಯ ರೈಲು ಹಳಿಯ ಪಕ್ಕದ ಮರ ಇದೆ.

ಈಗ ಒಂದು ಜಗಳ ತೆಗೆಯಲೇಬೇಕು ಅಜ್ಜಿ. ಬ್ಯಾಳಿಸಾರಿನ ಪುಟದಲ್ಲಿ ನೀನು ಬರೆದದ್ದು ಇಷ್ಟು: 'ತೊಗರಿಬ್ಯಾಳಿ, ನೀರು, ಅರಿಶಿನ, ಹುಣಸಿಹುಳಿ, ಉಪ್ಪು, ಬೆಲ್ಲ. ಎಲ್ಲಾ ಹಾಕಿ ಮುಚ್ಚಿ ಡ್ಯೂಟಿಗೆ ಹೋಗು.' ನಾವು ಎಲ್ಲಾ ಹಾಕಿದೆವು, ಮುಚ್ಚಿದೆವು, ಹೋದೆವು. ಒಂಬತ್ತು ತಾಸು ಬಿಟ್ಟು ಬಂದರೆ ಬೇಳೆ ಕಲ್ಲು! ಒಂದು ದಿನವಲ್ಲ, ನಾಲ್ಕು ತಿಂಗಳು. ಕರೆಂಟು ಕಡಿಮೆಯೇನೋ ಎಂದುಕೊಂಡೆವು, ನೀರು ಬದಲಿಸಿದೆವು, ಗಡಿಗೆಗೆ ವಯಸ್ಸಾಯಿತು ಎಂದು ಅಳತೊಡಗಿದೆವು. ಹಲ್ಲಿಲ್ಲದ ಮೆಹಬೂಬಿ, ನನ್ನ ಗೋಡೆಗೆ ಗೋಡೆ ಹಚ್ಚಿದ ಮನೆಯವಳು, ಬೇಳೆಯನ್ನು ಚೀಪಿ ಚೀಪಿ ಉಗುಳುತ್ತಿದ್ದಳು. ಒಂದು ದಿನ ಹುಣಸೆ ತೀರಿತ್ತು. ಹುಳಿ ಇಲ್ಲದ ಮೇಲೆ ಬೆಲ್ಲ ಯಾಕೆಂದು ಅದನ್ನೂ ಬಿಟ್ಟು ಇಟ್ಟು ಹೋದೆವು. ಪಾಳಿ ಮುಗಿಸಿ ಬರುವಾಗ ಮೆಹಬೂಬಿ ಮರದ ಹತ್ತಿರ ಹೋಗಿ ನಾಲ್ಕು ಹುಣಸೆಹಣ್ಣು ಆರಿಸಿ ತಂದಳು. ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯಾಗಿದೆ. "ಯವ್ವಾ ನೀಲವ್ವಾ, ಹುಳಿನ ನೋಡ ನಮ್ಮ ಹಗೆ" ಎಂದು ಅವಳು ಹಣೆ ಚಚ್ಚಿಕೊಂಡಳು. ಹುಳಿ, ಬೆಲ್ಲ ಎರಡೂ ಕಾಳು ಬೆಂದ ಮೇಲೆಯೇ ಬೀಳಬೇಕು. ಇದು ನಿನ್ನ ಕಾಲದಲ್ಲಿ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ನೀನು ಬರೆಯಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ ಮೊದಲು ಹೋಗುತ್ತದೆ ಅಜ್ಜಿ, ಅದನ್ನು ಯಾರೂ ಬರೆದಿಡುವುದಿಲ್ಲ.

ಬೇಳೆ ಬೆಂದದ್ದೇ ನಮಗೆ ಕುತ್ತಾಯಿತು. ಕಲ್ಲಿನಂಥ ಬೇಳೆಗೆ ವಾಸನೆ ಇರಲಿಲ್ಲ. ಬೆಂದ ಹುರುಳಿಯ ಕಟ್ಟು, ಅದರಲ್ಲಿ ಬೆಳ್ಳುಳ್ಳಿ ಎಂದರೆ ಮಧ್ಯಾಹ್ನ ಮೂರಕ್ಕೆ ಇಡೀ ಓಣಿಗೆ ಹರಡುತ್ತದೆ. ಬಿಚ್ಚುವ ಮೇಜುಗಳ ಮುಂದೆ ಕೂತವರು ಸ್ಕ್ರೂಡ್ರೈವರ್ ಹಿಡಿದ ಕೈ ನಿಲ್ಲಿಸಿ ಮೂಗೆತ್ತಿದರು. ಪಾಳಿಮನೆಯಿಂದ ಕಾಗದ ಬಂತು. ದುಡಿಮೆಯ ವೇಳೆಯಲ್ಲಿ ವಾಸನೆ ಹಬ್ಬಿಸಿ ಕೈಗಳನ್ನು ನಿಧಾನ ಮಾಡಿದ ತಪ್ಪಿಗೆ ನಾಳೆ ಸಂಜೆ ಗಡಿಗೆಯನ್ನು ಒಪ್ಪಿಸತಕ್ಕದ್ದು ಎಂದು ಬರೆದಿದ್ದರು. ಅದನ್ನು ಒಡೆದು ತಾಮ್ರ ತೆಗೆಯುತ್ತಾರಂತೆ. ಇಡೀ ಓಣಿಗೆ ಇರುವುದು ಅದೊಂದೇ ಗಡಿಗೆ. ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು, ಎಂಥ ಸಿಟ್ಟು ಎಂದರೆ ಆ ಹೊತ್ತು ತುಂಬು ಕುಡಿಯಲು ಸಹ ಆಗಲಿಲ್ಲ.

ಒಯ್ಯಲು ಬಂದವನು ಪಾಳಿಮನೆಯ ತಪಾಸಣೆಯ ಅಡಿವೆಪ್ಪ ಮೇಲಿನಮನಿ. ಮೂವತ್ತರ ಆಸುಪಾಸಿನವನು, ಹುಟ್ಟಿದಾಗಿನಿಂದ ಹಲ್ಲಿಗೆ ಕೆಲಸ ಕೊಟ್ಟವನಲ್ಲ. ಐದಕ್ಕೆ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಬಂದ. ಅವತ್ತು ಬೆಳಿಗ್ಗೆ ನಾನು ಬೇಕೆಂತಲೇ ಗೋಧಿ ಹುಗ್ಗಿ ಇಟ್ಟಿದ್ದೆ. ನಮ್ಮಲ್ಲಿ ಹಸಿವಿನ ವರ್ಷಗಳಾದ ಮೇಲೆ ಬಂದ ಒಂದು ಕಾನೂನಿದೆ. ಯಾವ ಕಾರಣಕ್ಕೂ ಯಾರೂ ಉಣ್ಣುವ ವಸ್ತುವನ್ನು ಚೆಲ್ಲುವಂತಿಲ್ಲ, ಪಾಳಿಮನೆಯವರು ಕೂಡ. ಒಳಗೆ ಅನ್ನ ಇರುವ ಪಾತ್ರೆಯನ್ನು ಯಾರೂ ಮುಟ್ಟುಗೋಲು ಹಾಕಿಕೊಳ್ಳುವಂತಿಲ್ಲ. ಮೊದಲು ಉಣ್ಣಬೇಕು, ಆಮೇಲೆ ಒಯ್ಯಬೇಕು.

"ಖಾಲಿ ಮಾಡ್ರಿ, ಒಯ್ತೀನಿ" ಎಂದ ಅಡಿವೆಪ್ಪ.

"ಇನ್ನೂ ಬೆಂದಿಲ್ರೀ. ಅರ್ಧ ತಾಸು ಬೇಕು, ಕೂಡ್ರಿ" ಎಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಒಳಗೆ ಒಲೆ ಅಡಗಿಸಿದ್ದೇನೆ ಎಂದುಕೊಂಡು ಸರಕ್ಕನೆ ಮುಚ್ಚಳ ಎತ್ತಿದ. ಬಿಸಿ ಆವಿಯೆಲ್ಲ ಹಾರಿಹೋಯಿತು. ನಿನ್ನ ವಹಿಯ ಮೂರನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಬರೆದಿದ್ದೀಯಲ್ಲ, 'ಮುಚ್ಚಳ ತಗದರ ಅರ್ಧ ತಾಸು ಹಿಂದ' ಎಂದು, ಅದನ್ನು ಅವನ ಮುಖಕ್ಕೆ ಹಿಡಿದೆ. ಕಾಲು ತಾಸಿಗೆ ಮತ್ತೆ ತೆಗೆದು ನೋಡಿದ. ಆಮೇಲೆ ಇನ್ನೊಮ್ಮೆ. "ಏ ಅಡಿವೆಪ್ಪಾ, ನೀ ಹಿಂಗ ಇಣುಕಿ ನೋಡಿದ್ರ ನಾಳಿಗೂ ಬೇಯೂದಿಲ್ಲಪಾ" ಎಂದು ಮೆಹಬೂಬಿ ನೆಲಕ್ಕೆ ಕೂತೇಬಿಟ್ಟಳು. ಅವಳಿಗೆ ಮಂಡಿನೋವು, ನಿಲ್ಲಲಾಗುವುದಿಲ್ಲ. ಅವಳು ಕೂತದ್ದು ನೋಡಿ ಅವಳ ಸೊಸೆ ಕೂತಳು, ಎದುರು ಮನೆಯವರು ಕೂತರು. ಹನ್ನೊಂದೂ ಮನೆಯವರು ಬಂದು ತಮ್ಮ ತಟ್ಟೆ ಮುಂದಿಟ್ಟುಕೊಂಡು ಓಣಿಯ ನಡುವೆ ಕೂತರು.

ಆರಕ್ಕೆ ಮರುಪಾಳಿಯ ಸೀಟಿ ಕೂಗಿತು. ಯಾರೂ ಏಳಲಿಲ್ಲ.

ನಾನು ಸುಳ್ಳು ಹೇಳಲಾರೆ, ನನಗೆ ಹೆದರಿಕೆಯಾಯಿತು. ಇಪ್ಪತ್ತು ವರ್ಷದಲ್ಲಿ ಆ ಸೀಟಿಗೆ ಏಳದೆ ಕೂತದ್ದು ಅದೇ ಮೊದಲು. ಅಡಿವೆಪ್ಪ ಗಡಿಯಾರ ನೋಡಿದ, ನಮ್ಮ ಮುಖ ನೋಡಿದ. "ಪಾಳಿ ತಪ್ಪತೈತಿ, ಏಳ್ರಿ!" ಎಂದು ಒದರಿದ. "ಏಳ್ತೀವ್ರೀ, ಹುಗ್ಗಿ ಆಗಲಿ" ಎಂದರು ಯಾರೋ ಹಿಂದಿನಿಂದ. ಕೂತವರು ಮಾತಿಗೆ ತೊಡಗಿದರು. ಅಜ್ಜಿ, ಒಂದೇ ಓಣಿಯಲ್ಲಿದ್ದರೂ ನಾವು ಕೂತು ಮಾತಾಡಿದವರಲ್ಲ. ಮೂರನೆಯ ಮನೆಯವಳಿಗೆ ಹಾಡು ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಏಳು ಗಂಟೆಗೆ ಗೋಧಿ ಅರಳಿತು. ಆಯಿತೆಂದು ಅಡಿವೆಪ್ಪ ಎದ್ದುನಿಂತ. "ಈಗ ಬೆಲ್ಲ ಹಾಕ್ತೀನ್ರೀ, ಇನ್ನ ಕಾಲು ತಾಸು" ಎಂದೆ. ಮೊದಲೇ ಹಾಕಿದ್ದರೆ ಗೋಧಿ ಬೇಯುತ್ತಿರಲಿಲ್ಲವಲ್ಲ! ಅವನು ತಲೆ ಮೇಲೆ ಕೈ ಹೊತ್ತು ಮತ್ತೆ ಕೂತ.

ಎಲ್ಲರಿಗೂ ಎರಡೆರಡು ಸೌಟು ಬಡಿಸಿದೆ, ಅವನಿಗೂ. ಕಾನೂನು ಹೇಳುವುದು ಉಂಡು ಮುಗಿಸಿ ಎಂದು, ಯಾರು ಉಣ್ಣಬೇಕು ಎಂದಲ್ಲ. ಅವನು ಬಾಯಲ್ಲಿಟ್ಟು ಗೋಧಿಕಾಳು ಹಲ್ಲಿಗೆ ಸಿಕ್ಕಾಗ ಹೆದರಿ ನಿಲ್ಲಿಸಿದ. ಆಮೇಲೆ ಅಗಿದ. ತಟ್ಟೆಯಲ್ಲಿ ಒಂದು ಕಾಳೂ ಬಿಡಲಿಲ್ಲ. ಬೆರಳು ಒರೆಸಿಕೊಂಡು, "ಆತಲ್ಲ, ಈಗ ಖಾಲಿ ಗಡಿಗಿ ಕೊಡ್ರಿ" ಎಂದು ಎದ್ದ.

ಅಷ್ಟರಲ್ಲಿ ಮೆಹಬೂಬಿ ಎರಡನೆಯ ಒಳಗಡಿಗೆಯನ್ನು ಕೂಡಿಸಿ ಆಗಿತ್ತು. ಅದರಲ್ಲಿ ಜೋಳದ ನುಚ್ಚು, ಮೇಲೆ ನೀರು. ಅಡಿವೆಪ್ಪ ಇಣುಕಿ ನೋಡಿದ.

"ಇದ ಯಾವಾಗ ಬೇಯತೈತಿ?"

"ಮುಂಜಾನಿಗಿ. ಆಮ್ಯಾಲ ಹುರುಳಿ ಇಡ್ತೀವಿ" ಎಂದಳು ಮೆಹಬೂಬಿ.

ಅಂದಿನಿಂದ ಇಂದಿಗೆ ನಲವತ್ತೊಂದು ದಿನ. ಗಡಿಗೆ ಒಂದು ಗಳಿಗೆಯೂ ಖಾಲಿಯಾಗಿಲ್ಲ. ಒಂದು ಒಳಗಡಿಗೆ ಏಳುವ ಮೊದಲು ಇನ್ನೊಂದು ತುಂಬಿ ಸಿದ್ಧವಾಗಿರುತ್ತದೆ. ಬೆಳಿಗ್ಗೆ ನುಚ್ಚು ಮಜ್ಜಿಗೆ, ಸಂಜೆಗೆ ಹುರುಳಿಕಟ್ಟು, ಇಲ್ಲವೇ ಮಡಿಕೆಕಾಳು. ನನ್ನನ್ನು ಬಿಚ್ಚುವ ಮೇಜಿನಿಂದ ತೆಗೆದು ಕಸ ಗುಡಿಸಲು ಹಾಕಿದ್ದಾರೆ. ಗುಡಿಸುತ್ತೇನೆ, ಅದಕ್ಕೇನು? ಗುಡಿಸುವವಳಿಗೆ ಎಲ್ಲ ಓಣಿಗೂ ಹೋಗಲು ಬಿಡುತ್ತಾರೆ. ಹೋದಲ್ಲೆಲ್ಲ ನಿನ್ನ ವಹಿಯ ಒಂದೊಂದು ಪುಟ ಬಾಯಿಪಾಠ ಹೇಳಿಕೊಟ್ಟು ಬಂದಿದ್ದೇನೆ. ಫೋನಿನ ರಾಶಿಯ ನಡುವೆ ಮುರಿದ ಕುಕ್ಕರುಗಳೂ ಸಿಗುತ್ತವೆ, ಬಿಚ್ಚಲು ಬಲ್ಲವರಿಗೆ ಜೋಡಿಸಲು ಬರುವುದಿಲ್ಲವೇ? ಹದಿನಾಲ್ಕನೆಯ ಓಣಿಯಲ್ಲಿ ಕಳೆದ ವಾರ ಒಂದು ಗಡಿಗೆ ಬಿಸಿಯಾಯಿತು.

ಪಾಳಿಮನೆಯವರು ನಮಗೆ ಹೇಳುವ ಮಾತು ಒಂದೇ, ಪುರುಸೊತ್ತಿಲ್ಲದವರಿಗೆ ಊಟ ಯಾಕೆ, ಹೊಟ್ಟೆ ತುಂಬಿದರೆ ಸಾಕು. ನಿನಗೂ ಪುರುಸೊತ್ತು ಇರಲಿಲ್ಲ. ಆದರೆ ನೀನು ಅದೇ ಕಾರಣಕ್ಕೆ ಹುಗ್ಗಿ ಇಟ್ಟು ಹೋದೆ. ದಿನವಿಡೀ ಟಿಕೆಟ್ ಹರಿದು ನಿಂತು ಬಂದವಳಿಗೆ ಬಿಸಿ ಊಟ ಸಿಗಲೇಬೇಕು ಎಂಬುದು ನಿನ್ನ ಹಟ. ಆ ಹಟವನ್ನೇ ನಾನು ಹಿಡಿದಿದ್ದೇನೆ, ಬಿಡುವುದಿಲ್ಲ.

ನಿನ್ನಲ್ಲಿ ಒಂದೇ ಬೇಡಿಕೆ. ಈ ಕಾಗದ ಹಿಂದಕ್ಕೆ, ನಿನ್ನ ಕಾಲಕ್ಕೆ, ಹೋಗುವ ದಾರಿ ನನಗೆ ಗೊತ್ತಿಲ್ಲ, ವಹಿಯ ಕೊನೆಯ ಪುಟದಲ್ಲಿ ಮಡಚಿ ಇಡುತ್ತೇನೆ, ಹೇಗೋ ನಿನಗೆ ಮುಟ್ಟಲಿ. ಮುಟ್ಟಿದರೆ ಬ್ಯಾಳಿಸಾರಿನ ಪುಟಕ್ಕೆ ಒಂದು ಸಾಲು ಸೇರಿಸು, ಹುಣಸಿ ಬೆಲ್ಲ ಕಡೀಕ ಎಂದು. ನಾಲ್ಕು ತಿಂಗಳು ಕಲ್ಲು ಚೀಪಿದ ಮೆಹಬೂಬಿಯ ಮೇಲೆ ಕರುಣೆ ಇಡು. ನೀನು ಬರೆಯದೆ ಹೋದರೂ ಆ ಸಾಲು ಉಳಿಯುತ್ತದೆ, ಯಾಕೆಂದರೆ ನಾನು ಬರೆದಾಗಿದೆ, ನಿನ್ನ ಕೆಂಪು ಗೆರೆಯ ಕೆಳಗೇ.

ಚೆಲ್ಲಬಾರದು ಎಂಬ ಕಾನೂನನ್ನೇ ತೆಗೆದುಹಾಕಲು ಪಾಳಿಮನೆಯಲ್ಲಿ ಹೊಸ ಕಾಗದ ಬರೆಯುತ್ತಿದ್ದಾರಂತೆ. ನಾಳೆ ಸಂಜೆ ಐದಕ್ಕೆ ಓಣಿಯಲ್ಲಿ ನಿಂತು ಓದುತ್ತಾರೆ, ಈ ಸಲ ಅಡಿವೆಪ್ಪನ ಜೊತೆ ಇನ್ನೂ ಹತ್ತು ಜನ ಬರುತ್ತಾರೆ. ಬರಲಿ. ಓದಲಿ. ನಾಳೆ ಬೆಳಿಗ್ಗೆ ಇಡಲೆಂದು ಗೋಧಿ ನೆನೆಹಾಕಿದ್ದೇನೆ. ದಿನಕ್ಕಿಂತ ನಾಲ್ಕು ಹಿಡಿ ಹೆಚ್ಚು ಹಾಕಿದ್ದೇನೆ, ಬರುವವರಿಗೆಂದು ಹನ್ನೊಂದು ತಟ್ಟೆ ಬೇರೆ ತೊಳೆದು ಇಟ್ಟಿದ್ದೇನೆ. ಬಂದವರೂ ನೆಲದ ಮೇಲೆಯೇ ಕೂಡಬೇಕು, ನಮ್ಮಲ್ಲಿ ಕುರ್ಚಿ ಇಲ್ಲ. ಬೇಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ಏನು ಹೇಳಬೇಕೆಂದು ಓಣಿಯ ಎಲ್ಲರಿಗೂ ಗೊತ್ತಿದೆ, 'ಅರ್ಧ ತಾಸು, ಕೂಡ್ರಿ' ಎಂದು.

ನಿನ್ನ ಏಳನೆಯ ತಲೆಮಾರಿನವಳು,
ನೀಲಾಂಬಿಕೆ