ಅಜ್ಜಿ ಕೂರುವ ತನಕ

ತಿಲೆಕ್,

ಇದು ನಿನ್ನ ಕೈ ಸೇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಕರಕೋಲ್ ಪಟ್ಟಣದಲ್ಲಿ ಒಂದು ಮದುವೆಗೆ ನುಡಿಸಿದೆವು. ಯಾರ್‍ಯಾರದೋ ಅದೇ ಹಳೆಯ ಹಾಡುಗಳು, ಅದೇ ನನ್ನ ಬೇಸ್ ಗಿಟಾರು. ನಿನ್ನ ಡ್ರಮ್ಸ್ ಇದ್ದ ಜಾಗದಲ್ಲಿ ಈಗ ಲ್ಯಾಪ್‌ಟಾಪ್ ಕೂತಿದೆ. ಅದರ ತಾಳ ತಪ್ಪುವುದಿಲ್ಲ, ಅದು ಊಟವನ್ನೂ ಕೇಳುವುದಿಲ್ಲ.

ವರನ ಅಜ್ಜಿ ಕುಣಿಯಲು ಎದ್ದರು. ಹಿರಿಯರು ಕುಣಿಯುತ್ತಿರುವಾಗ ಹಾಡು ನಿಲ್ಲಿಸಬಾರದೆಂದು ನನಗೆ ಕಲಿಸಿದವನೇ ನೀನು. ನೀನು ಅವರ ಕಾಲು ನೋಡುತ್ತಾ ಬಾರಿಸುತ್ತಿದ್ದೆ, ನಾನು ನಿನ್ನ ಕಾಲು ನೋಡುತ್ತಾ ನುಡಿಸುತ್ತಿದ್ದೆ. ಲ್ಯಾಪ್‌ಟಾಪಿಗೆ ಯಾರ ಕಾಲೂ ಕಾಣದು. ನಾಲ್ಕು ನಿಮಿಷಕ್ಕೆ ಹಾಡು ನಿಂತಿತು, ನಮ್ಮವರೂ ನಿಂತರು. ಅಜ್ಜಿಯ ಎರಡೂ ಕೈ ಮೇಲೆಯೇ ಉಳಿದವು. ನಾನೊಬ್ಬನೇ ಬೇಸ್ ಮುಂದುವರಿಸಿದೆ. ಆ ತಾಳಕ್ಕೇ ನಾಲ್ಕು ಹೆಜ್ಜೆ ಹಾಕಿ ಅವರು ನನ್ನ ಹತ್ತಿರ ಬಂದರು.

"ದೊಡ್ಡ ಮೊಮ್ಮಗನ ಮದುವೇಲಿ ಡ್ರಮ್ ಬಾರಿಸ್ದೋನು ಎಲ್ಲಪ್ಪಾ? ನಾನು ಕೂರೋ ತನಕ ನಿಲ್ಲಿಸ್ಲೇ ಇಲ್ಲ, ಪುಣ್ಯಾತ್ಮ."

"ಮಾಸ್ಕೋದಲ್ಲಿ ಟ್ಯಾಕ್ಸಿ ಓಡಿಸ್ತಾನೆ, ಅಜ್ಜಿ."

"ಅಯ್ಯೋ, ಅಂಥೋನ್ನ ಯಾಕ್ರೋ ಕಳಿಸಿದ್ರಿ?"

ಹಾಡುಗಾರ ಬೆಕ್ಬೊಲೊತ್ ಮೈಕಿನ ವೈರು ಸುತ್ತತೊಡಗಿದ.

"ಅವನೇ ಹೋದ," ಎಂದೆ.

ಅಜ್ಜಿ ನಿನ್ನನ್ನು ಹರಸಿದರು. ನೀನಿಲ್ಲದ್ದಕ್ಕೆ, ನಿನ್ನ ಪರವಾಗಿ ನನ್ನನ್ನೇ ಕೈ ಒಡ್ಡಲು ಹೇಳಿದರು. ಒಡ್ಡಿದೆ, ಹರಸಿ ಮುಗಿದ ಮೇಲೆ ವಾಡಿಕೆಯಂತೆ ಅಂಗೈಗಳನ್ನು ಮುಖಕ್ಕೂ ಸವರಿಕೊಂಡೆ.

ಲ್ಯಾಪ್‌ಟಾಪ್ ಸಾಕೆನ್ನುವವರು ಕೈ ಎತ್ತಿ ಎಂದು ಬೆಕ್ಬೊಲೊತ್ ಕೇಳಿದ ದಿನ ನೀನು ಇರಲಿಲ್ಲ.

ಇದೇ ಬಲಗೈ, ತಿಲೆಕ್.