ಬಂಗಡೆ ಚಾಪೆಯ ಬಿಯರ್

ಕಾಸರಕೋಡ
ಭಾನುವಾರ

ವಿನೋದ,

ಕಾಳಿನಿಂದಲೇ ಶುರು ಮಾಡದಿದ್ದರೆ ಅದು ಬಿಯರ್ ಅಲ್ಲ, ಶರಬತ್ತು ಎಂದೇನೋ ನೀನು ಅಂದಿದ್ದೆ. ಅಂತೂ ಹಾಗೆಯೇ ಮಾಡಿದೆ. ಬಾರ್ಲಿಗೆ ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಲ್ಲಿ ನೆನೆಸಿ ಸೋಸಿದೆ. ಕುದಿಸಿ ಆರಿದ ಮೇಲೆ ಯೀಸ್ಟ್ ಬೆರೆಸಿದೆ. ತಪ್ಪಿದ್ದು ಒಂದೇ ಕಡೆ. ಕಾಳು ಒಣಗಿಸಲು ಹಾಸಿದ್ದು ಆಯಿ ಬಂಗಡೆ ಒಣಗಿಸುವ ಚಾಪೆ. ತೊಳೆದಿದ್ದೆ, ಸಾಲಲಿಲ್ಲ.

ನಿನ್ನೆ ಬಾಟಲಿ ತೆರೆದೆ. ಆಯಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಎಂತದಾ ಇದು? ವಿನೋದನ ಬೋಟಿನ ವಾಸನೆ ಬತ್ತದೆ."

ಅವಳು ಒಪ್ಪದಿದ್ದರೂ ಸೌಜನ್ಯಾಳನ್ನು ಮದುವೆಯಾಗಿ ನೀನು ಭಟ್ಕಳಕ್ಕೆ ಹೋದಾಗಿನಿಂದ, ಹೆತ್ತ ಮಗನ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಅಂದದ್ದು ಅವಳಿಗೂ ಕೇಳಿಸಿರಬೇಕು. ಲೋಟ ಮುಂದೆ ಹಿಡಿದಳು.

"ಇನ್ನೊಂಚೂರು ಹಾಕು."

ಹಾಕಿದೆ. ಉಳಿದ ಬಾಟಲಿಗಳನ್ನು ಅವಳೇ ಒಳಗೆ ತಂಪಿನಲ್ಲಿ ಎತ್ತಿಟ್ಟಿದ್ದಾಳೆ. ಯಾರಿಗೆಂದು ನಾನು ಕೇಳಿಲ್ಲ.

ಬರುವಾಗ ಬಾಟಲಿಯ ಮುಚ್ಚಳ ತಾ, ಇಲ್ಲಿ ಸಿಗುತ್ತಿಲ್ಲ. ಹೊಸ ಚಾಪೆ ಬೇಡ.

ಸೌಜನ್ಯಾಳನ್ನೂ ಕರೆದುಕೊಂಡು ಯಾವ ಬಸ್ಸಿಗೆ ಬರುತ್ತೀಯ?

ನಿನ್ನ ಅಣ್ಣ,
ಈರ