ಔಷಧಿ ಕಂದಾಯ ಬೇಡವೆಂದವನು ನಾನು

ನನ್ನ ಜೊತೆಗಾರ ಚಿಕ್ಕಣ್ಣನಿಗೆ,

ಆವತ್ತಿನ ಪಂಚಾಯ್ತಿ ಸಭೆಯಲ್ಲಿ ನೀನು ಬಾಗಿಲ ಹತ್ತಿರ ಟವೆಲ್ ಹೊದ್ದು ಕೂತಿದ್ದೆ. ಹೋಬಳಿ ಆಸ್ಪತ್ರೆಯ ಡಾಕ್ಟರಿಗೆ ಸಂಬಳ ಸರ್ಕಾರದ್ದು, ಆದರೆ ಬಡವರಿಗೆ ಪುಕ್ಕಟೆ ಕೊಡುವ ಔಷಧಿಗೆ ಸುತ್ತಲ ಊರುಗಳೂ ಪಾಲು ಹಾಕಬೇಕು, ಜಮೀನಿದ್ದವರು ಅದನ್ನು ಕಂದಾಯದ ಜೊತೆ ಕಟ್ಟಬೇಕು ಎಂದು ಸೆಕ್ರೆಟರಿ ಓದಿದರು. ಮೊದಲು ಎದ್ದ ಮೆಂಬರು ನಾನು. "ಸರ್ಕಾರದ ಆಸ್ಪತ್ರೆಗೆ ನಾವ್ಯಾಕೆ ಕೊಡ್ಬೇಕು?" ಅಂದೆ. ಮೆಂಬರುಗಳೆಲ್ಲ ಜಮೀನಿದ್ದವರೇ. ಪಾಲಿನ ಮಾತು ಬಿದ್ದುಹೋಯಿತು.

ಮನೆಗೆ ಬರುವಾಗ ನೀನು ಕೇಳಿದ್ದು ನೆನಪಿದೆ. "ಅಲ್ಲ ಕಣ್ಲಾ ರಂಗ, ಸರ್ಕಾರ ಅಂದ್ರೆ ಯಾರ್ಲಾ? ನೀವು ಕಟ್ದಿದ್ರೆ ನಮ್ಮಂಗೆ ಬಾವಿ ತೋಡೋರ್ಗೆ ಔಸ್ದಿ ಎಲ್ಲಿಂದ ಬತ್ತದೆ?"

"ಕಲ್ಗುಂಡಿನಂಗಿದ್ದೀಯ, ನಿಂಗ್ಯಾಕ್ಲಾ ಔಸ್ದಿ?" ಅಂತ ನಕ್ಕೆ. ಯಾಕಾದರೂ ನಕ್ಕೆನೋ...

ನಿನಗೆ ಜ್ವರ ಏರಿ ಎದೆ ಕಟ್ಟಿದ ದಿನ ಹೋಬಳಿ ಆಸ್ಪತ್ರೆಗೆ ಗಾಡಿ ಕಟ್ಟಿದವನೂ ನಾನೇ. ನಿನ್ನ ಹೆಂಡತಿ ದ್ಯಾವಮ್ಮ ನಿನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನ್ಯುಮೋನಿಯಾ. ಬಡವರ ಪಾಲಿನ ಇಂಜೆಕ್ಷನ್ ಮುಗಿದು ತಿಂಗಳಾಯ್ತು. ನಿಮ್ಮೂರಿಂದ ಪಾಲೂ ಬಂದಿಲ್ಲ," ಅಂದರು ಡಾಕ್ಟರು.

"ದುಡ್ಡು ಕೊಡ್ತೀನಿ ಸಾ," ಅಂದೆ.

"ಸೀಸೆಯೇ ಇಲ್ಲವಲ್ಲಪ್ಪ. ಹಾಸನಕ್ಕೆ ಕರೆದುಕೊಂಡು ಹೋಗಿ."

ಹಾಸನ ಇನ್ನೂ ಎರಡು ಹರದಾರಿ ಇರುವಾಗ, ಬಸ್ಸಿನಲ್ಲೇ ನೀನು...

ತಿಥಿ ಕಳೆದ ಮೇಲೆ ಮತ್ತೆ ಆ ಡಾಕ್ಟರ ಹತ್ತಿರ ಹೋಗಿದ್ದೆ. ಇಂಜೆಕ್ಷನ್ ಇದ್ದಿದ್ದರೆ ಬದುಕುತ್ತಿದ್ದನಾ ಎಂದು ಕೇಳಿದೆ. "ಹೇಳೋದಕ್ಕೆ ಆಗಲ್ಲ," ಅಂದರು. ಬದುಕುತ್ತಿದ್ದ ಅಂದಿದ್ದರೆ ಅತ್ತಾದರೂ ಬಿಡುತ್ತಿದ್ದೆ. ಇದನ್ನು ಇಟ್ಟುಕೊಂಡು ಏನು ಮಾಡಲಿ, ಹೇಳು?

ಮೊನ್ನೆಯ ಸಭೆಯಲ್ಲಿ ಔಷಧಿ ಕಂದಾಯ ಹಾಕೋಣ ಎಂದು ನಾನೇ ಎದ್ದೆ. "ಓದ್ಸಲ ಬ್ಯಾಡ ಅಂದೋನು ನೀನೇ ಅಲ್ವಾ?" ಅಂತ ನನ್ನ ತಮ್ಮನೇ ಚುಚ್ಚಿದ. "ಊಂ, ನಾನೇ. ಅದ್ಕೇ ಏಳ್ತಾ ಇರೋದು," ಅಂದೆ. ಒಂದೇ ಒಂದು ಕೈ ಹೆಚ್ಚಾಗಿ ಒಪ್ಪಿಗೆಯಾಯಿತು, ಚಿಕ್ಕಣ್ಣ.

ಸಾಯಂಕಾಲ ದ್ಯಾವಮ್ಮ ಬಂದು, "ನಿಮ್ಮಂತೋರು ಇರಾದ್ಕೆ ನಮ್ಮಂತೋರು ಬದುಕ್ತೀವಿ ಕಣಣ್ಣ," ಎಂದು ಕೈ ಮುಗಿದಳು. ಆಗ ಗೊತ್ತಾಯಿತು, ಮೊದಲ ಸಭೆಯ ಸಂಗತಿಯನ್ನು ನೀನು ಅವಳಿಗೆ ಹೇಳಿಯೇ ಇರಲಿಲ್ಲ. ಜ್ವರದಲ್ಲಿ ನರಳುವಾಗಲೂ ನನ್ನ ಹೆಸರು ಎತ್ತಲಿಲ್ಲವಲ್ಲೋ.

"ಕತ್ಲಾಯ್ತು, ಓಗವ್ವ," ಅಂತ ಅವಳನ್ನು ಕಳಿಸಿಬಿಟ್ಟೆ. ನಾಳೆ ಬೆಳಿಗ್ಗೆ ನಿನ್ನ ಬಾಗಿಲಿಗೆ ಹೋಗಿ ಎಲ್ಲವನ್ನೂ ಹೇಳುತ್ತೇನೆ. ಅವಳು ಏನಂದರೂ ಮುಖ ತಪ್ಪಿಸದೆ ಕೇಳುತ್ತೇನೆ.

ನಿನ್ನ ರಂಗ